ರೋಗದ ಕಾಲದ ದುಡ್ಡು: ಯಾವುದು ಮೊದಲು, ಯಾವುದು ಕೊನೆಗೆ

ಕೊರೋನಾ ಬಂದು ಹೋಯಿತು. ಮಾಸ್ಕು ಮರೆತೂ ಹೋಯಿತು. ಆದರೆ ಆ ಎರಡು ವರ್ಷದಲ್ಲಿ ಮಾಡಿದ ಸಾಲ ಕೆಲವು ಮನೆಗಳಲ್ಲಿ ಇನ್ನೂ ಕೂತಿದೆ. ನಮ್ಮ ಮಾರ್ಕೋನಹಳ್ಳಿ ಸುತ್ತಮುತ್ತ ಒಂದೇ ಅಳತೆಯ ಹೊಲ, ಒಂದೇ ತರಹದ ಬೆಳೆ, ಹೆಚ್ಚುಕಮ್ಮಿ ಅಷ್ಟೇ ಜನ ಇರುವ ಮನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಎರಡು ಸುಗ್ಗಿಯೊಳಗೆ ಸಾಲ ತೀರಿಸಿ ಎದ್ದವು. ಕೆಲವು ಇವತ್ತಿಗೂ ಬಡ್ಡಿ ಕಟ್ಟುತ್ತಿವೆ. ಒಂದೆರಡು ಮನೆಯವರ ಕೈಯಿಂದ ಹೊಲವೇ ಹೋಯಿತು.

ಆದಾಯ ಎಲ್ಲರದೂ ಒಂದೇ ತರ ನಿಂತಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ? ನಾನು ನೋಡಿದ ಮಟ್ಟಿಗೆ, ಕೊರತೆ ತುಂಬಲು ಯಾವ ದುಡ್ಡಿಗೆ ಮೊದಲು ಕೈ ಹಾಕಿದರು, ಆಮೇಲೆ ಯಾವ ಸಾಲವನ್ನು ಮೊದಲು ತೀರಿಸಿದರು ಎಂಬುದರಲ್ಲಿ ಇತ್ತು. ಈ ಕ್ರಮವನ್ನು ಸ್ವಲ್ಪ ಲೆಕ್ಕ ಹಾಕಿ ಹೇಳುವುದೇ ಈ ಲೇಖನದ ಉದ್ದೇಶ. ರೋಗಕ್ಕೆ ಮಾತ್ರವಲ್ಲ, ಬರಕ್ಕೂ ಇದೇ ಲೆಕ್ಕ ನಡೆಯುತ್ತದೆ.

ನಮ್ಮ ಕಡೆ ಆಗಿದ್ದು

ಶಿಂಷಾ ನದಿಗೆ ಕಟ್ಟಿದ ಜಲಾಶಯ ನಮ್ಮೂರ ಹೆಸರಿನಲ್ಲೇ ಇದೆ. ಆದರೆ ಅದರ ಚಾನಲ್ ನೀರು ತಗ್ಗಿನ ಗದ್ದೆ, ತೋಟಗಳಿಗೆ. ಮೇಲಿನ ಹೊಲಗಳಿಗೆ ಮಳೆಯೇ ಗತಿ. ರಾಗಿ, ಅಕ್ಕಡಿಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಷ್ಟು ಹುರುಳಿ. ಇಂಥ ಮನೆಗಳಲ್ಲಿ ಊಟ ಹೊಲದಿಂದ ಬರುತ್ತದೆ, ರೊಕ್ಕ ಬಹುಪಾಲು ಬೇರೆ ಕಡೆಯಿಂದ. ಡೇರಿ ಹಾಲು, ಕುರಿ, ಕೂಲಿ, ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಕಳಿಸುವುದು.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ರಾಗಿ ಡಿಸೆಂಬರ್‌ನಲ್ಲೇ ಮನೆ ಸೇರಿತ್ತು, ಆದ್ದರಿಂದ ಹೊಟ್ಟೆಗೆ ತೊಂದರೆ ಇರಲಿಲ್ಲ. ನಿಂತಿದ್ದು ರೊಕ್ಕ. ಬೆಂಗಳೂರಿನ ಕೆಲಸ ನಿಂತು ಮಕ್ಕಳು ಹೆದ್ದಾರಿ ಹಿಡಿದು ಊರಿಗೆ ಬಂದರು. ಕಳಿಸುತ್ತಿದ್ದ ದುಡ್ಡು ನಿಂತಿತು, ಉಣ್ಣುವ ಬಾಯಿ ಹೆಚ್ಚಾಯಿತು. ಸಂತೆಗಳು ಮುಚ್ಚಿದವು. ಡೇರಿ ಮಾತ್ರ ನಿಲ್ಲಲಿಲ್ಲ.

2021ರ ಎರಡನೇ ಅಲೆ ಬೇರೆ ತರಹ. ಏಪ್ರಿಲ್ 27ರಿಂದ ರಾಜ್ಯದಲ್ಲಿ ನಿರ್ಬಂಧ, ಮೇ 10ರಿಂದ ಇನ್ನೂ ಬಿಗಿ, ಜೂನ್ ಮಧ್ಯದಿಂದ ಹಂತ ಹಂತವಾಗಿ ಸಡಿಲ. ಆ ಸಲ ರೋಗ ಹಳ್ಳಿಗೇ ಬಂತು. ಆಸ್ಪತ್ರೆ, ಔಷಧಿ, ವಾಹನದ ಬಾಡಿಗೆ ಅಂತ ಒಂದೇ ವಾರದಲ್ಲಿ ಕೈಯಲ್ಲಿದ್ದದ್ದೆಲ್ಲ ಹೋಯಿತು.

ಅಂದರೆ ಮೊದಲ ವರ್ಷದ ತೊಂದರೆ ವರಮಾನ ನಿಂತದ್ದು, ಎರಡನೇ ವರ್ಷದ್ದು ಖರ್ಚು ಬಿದ್ದದ್ದು. ಮೊದಲನೆಯದಕ್ಕೆ ಇದ್ದದ್ದನ್ನು ಎಳೆದು ಎಳೆದು ನಡೆಸಬೇಕು. ಎರಡನೆಯದಕ್ಕೆ ಒಂದೇ ಸಲ ದೊಡ್ಡ ಮೊತ್ತ ಬೇಕು. ಮೊದಲ ವರ್ಷವೇ ಒಡವೆ, ಕುರಿ ಎಲ್ಲ ಕರಗಿಸಿದ ಮನೆಗೆ ಎರಡನೇ ವರ್ಷ ಕೈಸಾಲ ಬಿಟ್ಟು ಬೇರೆ ದಾರಿ ಇರಲಿಲ್ಲ.

ಸುಗ್ಗಿಯವರೆಗೆ ಲೆಕ್ಕ ಹಾಕಿ

ಲಾಕ್‌ಡೌನ್ 21 ದಿನ ಅಂದಾಗ ಎಷ್ಟೋ ಜನ 21 ದಿನಕ್ಕೆ ಲೆಕ್ಕ ಹಾಕಿದರು. ನಮಗೆ ಆ ಲೆಕ್ಕ ಸಾಲದು. ಖುಷ್ಕಿ ರೈತನ ವರ್ಷ ಮುಗಿಯುವುದು ಕಣದಲ್ಲಿ. ಮಾರ್ಚ್‌ನಿಂದ ಡಿಸೆಂಬರ್‌ಗೆ ಒಂಬತ್ತು ತಿಂಗಳು. ನಡುವೆ ಮುಂಗಾರಿನ ಉಳುಮೆ, ಬೀಜ, ಗೊಬ್ಬರ, ಕಳೆ ಖರ್ಚು ಇದ್ದೇ ಇದೆ.

ಮಕ್ಕಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆ ತಗೊಂಡು ಮೂರು ಭಾಗ ಮಾಡಿ. ಒಂದರಲ್ಲಿ ನಿಲ್ಲಿಸಲಾಗದ್ದು: ಉಪ್ಪು, ಎಣ್ಣೆ, ಔಷಧಿ, ಹಸುವಿನ ಹಿಂಡಿ, ಬಿತ್ತನೆ ಖರ್ಚು. ಎರಡನೆಯದರಲ್ಲಿ ಮುಂದೆ ಹಾಕಬಹುದಾದದ್ದು: ಮನೆ ರಿಪೇರಿ, ಮದುವೆ, ಹೊಸ ಬಟ್ಟೆ. ಮೂರನೆಯದರಲ್ಲಿ ಗಡುವು ಇರುವ ಸಾಲಗಳು. ಪ್ರತಿಯೊಂದರ ಮುಂದೆ ಮೊತ್ತ, ಬಡ್ಡಿ, ಕಟ್ಟುವ ದಿನ ಬರೆಯಿರಿ. ಮನೆಯ ಹೆಂಗಸರನ್ನು ಕೂರಿಸಿಕೊಂಡೇ ಬರೆಯಬೇಕು. ಸಂಘದ ಸಾಲ, ಚೀಟಿ, ಅಂಗಡಿ ಬಾಕಿ ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ಊರಿಗೆ ಬಂದ ಮಗನ ಬೈಕಿನ ಕಂತು, ಮೊಬೈಲಿನ ಕಂತು ಕೂಡ ಇದೇ ಹಾಳೆಗೆ ಬರಬೇಕು. ಅವನ ಸಾಲ ಬೇರೆ, ಮನೆ ಸಾಲ ಬೇರೆ ಅಂತ ಇಟ್ಟರೆ ಕೊನೆಗೆ ಎರಡೂ ಹೊಲದ ಮೇಲೇ ಬೀಳುತ್ತವೆ.

ದುಡ್ಡು ತರುವ ಕ್ರಮ

1. ಮನೆಯಲ್ಲಿರುವ ಕಾಳು. ರಾಗಿ ಕೆಡುವ ಧಾನ್ಯವಲ್ಲ. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ವರ್ಷದ ಊಟಕ್ಕೆ ಬೇಕಾದ್ದು, ಬಿತ್ತನೆ ಬೀಜ ಎರಡನ್ನೂ ಎತ್ತಿಟ್ಟು ಉಳಿದದ್ದನ್ನು ಮಾತ್ರ ಮಾರಿ. ಊಟದ ರಾಗಿ ಮಾರಿ ಕಂತು ಕಟ್ಟಿ, ಆಮೇಲೆ ಅಂಗಡಿಯಲ್ಲಿ ಹಿಟ್ಟು ಕೊಳ್ಳುವುದು ಎರಡು ಕಡೆ ನಷ್ಟ.

2. ಸರ್ಕಾರದಿಂದ ಬಂದದ್ದು. 2020ರ ಏಪ್ರಿಲ್‌ನಲ್ಲಿ ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು ಬಂತು. ಜನಧನ್ ಖಾತೆ ಇದ್ದ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು. ತಲೆಗೆ 5 ಕಿಲೋ ಧಾನ್ಯ ಉಚಿತ. ಎರಡೂ ಸೇರಿದರೆ ರೊಕ್ಕ 3,500. ದೊಡ್ಡದಲ್ಲ, ಆದರೆ ಅಂಗಡಿ ಬಾಕಿ ಬೆಳೆಯದಂತೆ ತಡೆಯಲು ಸಾಕಾಗುತ್ತಿತ್ತು.

3. ಮೈಮುರಿದ ದುಡಿಮೆ. 2020-21ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 275 ರೂ. ಇತ್ತು. ಇಬ್ಬರು 14 ದಿನ ಮಾಡಿದರೆ 7,700. ಸ್ವಂತ ಹೊಲದ ಬದು, ಕೃಷಿ ಹೊಂಡದ ಕೆಲಸ ಮಾಡಿಸಿಕೊಂಡವರಿಗೆ ಕೂಲಿಯೂ ಬಂತು, ಹೊಲದ ತೇವವೂ ಉಳಿಯಿತು. ಪಟ್ಟಣದಿಂದ ಬಂದ ಹುಡುಗರು ನಾಚಿಕೆಯಿಂದ ಹೋಗದ ಮನೆಗಳಲ್ಲಿ ಅದೇ 7,700 ಕೈಸಾಲವಾಯಿತು.

4. ಕುರಿ, ಮೇಕೆ. ಇವು ನಡೆದಾಡುವ ರೊಕ್ಕ ಅಂತ ನಾವು ಹೇಳುತ್ತೇವೆ. ಆದರೆ ಸಂತೆ ಮುಚ್ಚಿದಾಗ ಬಾಗಿಲಿಗೆ ಬಂದವನು ಕೇಳಿದ್ದೇ ಬೆಲೆ. ಅದಕ್ಕೇ ಮೊದಲ ಒಂದೆರಡು ತಿಂಗಳು ಕಾಳು, ಕೂಲಿಯಲ್ಲಿ ತಳ್ಳಿ, ಸಂತೆ ಶುರುವಾದ ಮೇಲೆ ಮಾರಬೇಕು. ಟಗರು ಮಾರಿ, ಹೆಣ್ಣು ಕುರಿ ಉಳಿಸಿ. ಹಾಲು ಕರೆಯುವ ಹಸು ಮಾತ್ರ ಮಾರಬೇಡಿ. ಹಸು ಮಾರಿದ ದುಡ್ಡು ತಿಂಗಳಲ್ಲಿ ಖರ್ಚಾಗುತ್ತದೆ, ಡೇರಿ ಬಟವಾಡೆ ಶಾಶ್ವತವಾಗಿ ನಿಲ್ಲುತ್ತದೆ.

5. ಸೊಸೈಟಿಯ ಬೆಳೆ ಸಾಲ. ಇದು ಬೆಳೆಗೆ ಮಾತ್ರ. ಬೀಜ, ಗೊಬ್ಬರಕ್ಕೆ ಇದನ್ನು ಬಳಸಿದರೆ ಮನೆಯ ರೊಕ್ಕ ಮನೆಗೆ ಉಳಿಯುತ್ತದೆ.

6. ಒಡವೆ ಗಿರವಿ. ಆಸ್ಪತ್ರೆಯಂಥ ದೊಡ್ಡ ಖರ್ಚಿಗೆ ಇದನ್ನು ಕಾದಿರಿಸಿ.

7. ಸಂಘದ ಅಥವಾ ಫೈನಾನ್ಸ್ ಸಾಲ.

8. ಕೈಸಾಲ. ಬೇರೆಲ್ಲ ಬಾಗಿಲು ಬಡಿದ ಮೇಲೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲ ಇದಕ್ಕಿಂತಲೂ ಕೆಟ್ಟದ್ದು. ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೆಲ್ಲ ತೆಗೆದುಕೊಂಡು ನೆಂಟರಿಗೆ ಕರೆ ಮಾಡಿ ಮರ್ಯಾದೆ ಕಳೆಯುವ ಆ್ಯಪ್‌ಗಳು ಆ ಕಾಲದಲ್ಲೇ ಹಬ್ಬಿದವು.

ಈ ಕ್ರಮ ಯಾಕೆ ಅಂದರೆ, 20,000 ರೂಪಾಯಿಗೆ ಒಂದು ವರ್ಷದ ಬಡ್ಡಿ ನೋಡಿ. ದರಗಳು ಊರೂರಿಗೆ ಬೇರೆ ಇರುತ್ತವೆ, ಲೆಕ್ಕಕ್ಕೆ ಹೀಗೆ ಹಿಡಿದಿದ್ದೇನೆ.

ಸೊಸೈಟಿ ಬೆಳೆ ಸಾಲ, ಗಡುವಿನೊಳಗೆ ಕಟ್ಟಿದರೆ: 0
ಒಡವೆ ಸಾಲ, ನೂರಕ್ಕೆ ತಿಂಗಳಿಗೆ 1 ರೂ.: 2,400
ಫೈನಾನ್ಸ್ ಸಾಲ, ನೂರಕ್ಕೆ 2 ರೂ.: 4,800
ಕೈಸಾಲ, ನೂರಕ್ಕೆ 3 ರೂ.: 7,200
ಕೈಸಾಲ, ನೂರಕ್ಕೆ 5 ರೂ.: 12,000

"ಮೂರು ರೂಪಾಯಿ ಬಡ್ಡಿ" ಅಂದಾಗ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ನೂರಕ್ಕೆ 36 ಅಂತ ಹೇಳಿಕೊಂಡು ನೋಡಿ. ಮಳೆ ನಂಬಿದ ಯಾವ ಬೆಳೆಯೂ ಅಷ್ಟು ಲಾಭ ಖಾತ್ರಿಯಾಗಿ ಕೊಡುವುದಿಲ್ಲ.

ಮುಂದೂಡಿದ ಕಂತು ಮಾಫಿ ಅಲ್ಲ

2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಮೊದಲು ಮೂರು ತಿಂಗಳು, ಆಮೇಲೆ ಇನ್ನು ಮೂರು. ಹಳ್ಳಿಯಲ್ಲಿ ಇದು "ಆರು ತಿಂಗಳ ಕಂತು ಮಾಫಿ" ಅಂತ ಹಬ್ಬಿತು. ಮಾಫಿ ಆಗಿರಲಿಲ್ಲ. ಆ ಆರು ತಿಂಗಳೂ ಬಡ್ಡಿ ಓಡುತ್ತಿತ್ತು.

ಲೆಕ್ಕ ಹೀಗೆ. 40,000 ಸಾಲ ಬಾಕಿ, ಬಡ್ಡಿ ನೂರಕ್ಕೆ 2 ರೂ., ತಿಂಗಳ ಕಂತು 4,000. ಆರು ತಿಂಗಳು ಕಟ್ಟದಿದ್ದರೆ ಬಡ್ಡಿಯೇ 4,800. ಅಂದರೆ ನಿಂತ ಆರು ಕಂತಿನ ಜೊತೆಗೆ ಇನ್ನೂ ಒಂದು ಕಂತಿಗಿಂತ ಹೆಚ್ಚು ಸೇರಿತು. ಬಡ್ಡಿಯ ಮೇಲೆ ಬಡ್ಡಿ ಬಿದ್ದರೆ ಇನ್ನಷ್ಟು.

ಹಾಗಂತ ಮುಂದೂಡುವುದು ತಪ್ಪು ಅಂತಲ್ಲ. ಕೈಯಲ್ಲಿ ಏನೂ ಇಲ್ಲದವನಿಗೆ ಮೂರು ರೂಪಾಯಿ ಬಡ್ಡಿಗೆ ತಂದು ಎರಡು ರೂಪಾಯಿ ಸಾಲದ ಕಂತು ಕಟ್ಟುವುದಕ್ಕಿಂತ ಮುಂದೂಡುವುದೇ ಮೇಲು. ಆದರೆ ಕೈಯಲ್ಲಿ ಇದ್ದವರು ಕಟ್ಟಬೇಕಿತ್ತು. ಕೊನೇ ಪಕ್ಷ ಬಡ್ಡಿಯಷ್ಟನ್ನಾದರೂ ಕಟ್ಟಬೇಕಿತ್ತು. ಮುಂದೆ ಇಂಥ ಅವಕಾಶ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: "ಬಡ್ಡಿ ನಿಲ್ಲುತ್ತಾ, ಕಂತು ಮಾತ್ರ ನಿಲ್ಲುತ್ತಾ?" ಉತ್ತರ ಬಾಯಲ್ಲಿ ಬೇಡ, ಬರೆಸಿಕೊಳ್ಳಿ.

ಸೊಸೈಟಿ ಬೆಳೆ ಸಾಲದಲ್ಲೂ ಇದೇ ಎಚ್ಚರ ಬೇಕು. ಸೊನ್ನೆ ಬಡ್ಡಿ ಅನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಮಾಫಿ ಬರುತ್ತೆ ಅಂತ ಕಾದು ಗಡುವು ದಾಟಿಸಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತಡೆ.

ಒಡವೆ ಇಡುವಾಗ

2020ರ ಆಗಸ್ಟ್‌ನಲ್ಲಿ ಚಿನ್ನದ ಬೆಲೆ ಏರಿತ್ತು. ಅದೇ ತಿಂಗಳು ರಿಸರ್ವ್ ಬ್ಯಾಂಕ್, ಬೇಸಾಯವಲ್ಲದ ಒಡವೆ ಸಾಲಕ್ಕೆ ಬ್ಯಾಂಕುಗಳು ಒಡವೆ ಬೆಲೆಯ ನೂರಕ್ಕೆ 75ರ ಬದಲು 90ರವರೆಗೆ ಕೊಡಬಹುದು ಅಂತ 2021ರ ಮಾರ್ಚ್ 31ರವರೆಗೆ ಸಡಿಲ ಮಾಡಿತು. ಹೆಚ್ಚು ಸಿಗುತ್ತೆ ಅಂತ ಜನ ಪೂರ್ತಿ ಎತ್ತಿದರು.

ಒಂದು ಲಕ್ಷದ ಒಡವೆಗೆ 90,000 ಎತ್ತಿ, ನೂರಕ್ಕೆ 1 ರೂ. ಬಡ್ಡಿಯನ್ನು ವರ್ಷ ಕಟ್ಟದೆ ಬಿಟ್ಟರೆ ಬಾಕಿ 1,00,800. ಒಡವೆ ಬೆಲೆಯನ್ನೇ ದಾಟಿತು. 75,000 ಎತ್ತಿದ್ದರೆ ಬಾಕಿ 84,000. ಇನ್ನೂ 16,000 ನಮ್ಮದೇ. ಇದರ ಮೇಲೆ 2021ರ ಮಾರ್ಚ್ ಹೊತ್ತಿಗೆ ಚಿನ್ನದ ಬೆಲೆ ಇಳಿಯಿತು. ಪೂರ್ತಿ ಎತ್ತಿದವರಿಗೆ ಹರಾಜಿನ ನೋಟೀಸು ಬಂದದ್ದು ಹೀಗೆ.

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದಲ್ಲೂ ಎರಡೂವರೆ ಲಕ್ಷದವರೆಗಿನ ಒಡವೆ ಸಾಲಕ್ಕೆ ನೂರಕ್ಕೆ 85ರವರೆಗೆ ಅವಕಾಶವಿದೆ. ಅವರು ಕೊಡಬಹುದು ಅಂದರೆ ನಾವು ಅಷ್ಟೂ ಎತ್ತಬೇಕು ಅಂತಲ್ಲ. ಬೆಲೆಯ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಎತ್ತಿ. ಎಲ್ಲ ಒಡವೆ ಒಂದೇ ಚೀಟಿಯಲ್ಲಿ ಇಡಬೇಡಿ. ಬೇರೆ ಬೇರೆ ಇಟ್ಟರೆ ಕೈಗೆ ಬಂದಷ್ಟು ದುಡ್ಡಿಗೆ ಒಂದೊಂದೇ ಬಿಡಿಸಬಹುದು.

ಹೊಲ ಹೋಗುವ ದಾರಿ

ಹೊಲ ಕಳೆದುಕೊಂಡ ಮನೆಗಳು ಯಾವುವೂ ಹೊಲ ಮಾರಬೇಕು ಅಂತ ಹೊರಟವಲ್ಲ. ಕೈಸಾಲಕ್ಕೆ ಭದ್ರತೆ ಅಂತ ಕ್ರಯಪತ್ರಕ್ಕೆ ಸಹಿ ಹಾಕಿದರು. "ದುಡ್ಡು ಕೊಟ್ಟಾಗ ವಾಪಸ್ ಬರೆದುಕೊಡುತ್ತೇನೆ" ಎಂಬುದು ಬಾಯಿಮಾತು. ಕಾಗದದಲ್ಲಿ ಅದು ಶುದ್ಧ ಕ್ರಯ. ಎಷ್ಟೇ ಕಷ್ಟ ಬರಲಿ, ಸಾಲಕ್ಕೆ ಕ್ರಯಪತ್ರ ಮಾಡಬೇಡಿ. ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದಕ್ಕೂ ಸಹಿ ಬೇಡ.

ಕಿರು ಸಾಲದ ವಿಚಾರದಲ್ಲಿ ಎರಡು ನಿಯಮ ತಿಳಿದಿರಲಿ. 2022ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಮೈಕ್ರೋ ಫೈನಾನ್ಸ್ ಸಾಲವನ್ನು ಅಡಮಾನವಿಲ್ಲದೆ ಕೊಡಬೇಕು, ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಕಾನೂನು ತಂದಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಉಂಟು. ಬಾಗಿಲಲ್ಲಿ ಕೂತು ಮರ್ಯಾದೆ ತೆಗೆದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಹೆದರಿ ಹೊಲ ಬರೆದುಕೊಡಬೇಕಾಗಿಲ್ಲ.

ಸಾವಾದ ಮನೆಯಲ್ಲಿ

2021ರಲ್ಲಿ ದುಡಿಯುವವರೇ ಹೋದ ಮನೆಗಳಿವೆ. ದುಃಖದಲ್ಲಿ ಯಾರೂ ಪಾಸ್‌ಬುಕ್ ತೆಗೆದು ನೋಡುವುದಿಲ್ಲ. ನೆಂಟರಾದವರು, ಅಕ್ಕಪಕ್ಕದವರು ಈ ಕೆಲಸ ಮಾಡಿಕೊಡಬೇಕು.

ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ಸಹಿ ಹಾಕಿದ್ದವರ ಖಾತೆಯಿಂದ ವರ್ಷಕ್ಕೆ 330 ರೂ. ಹೋಗುತ್ತಿತ್ತು. 2022ರ ಜೂನ್‌ನಿಂದ ಅದು 436 ಆಗಿದೆ. 18ರಿಂದ 50 ವಯಸ್ಸಿನೊಳಗೆ ಸೇರಬಹುದು, 55ರವರೆಗೆ ನಡೆಯುತ್ತದೆ. ಯಾವ ಕಾಯಿಲೆಯಿಂದ ಸತ್ತರೂ ನಾಮಿನಿಗೆ 2 ಲಕ್ಷ. ಕೊರೋನಾ ಸಾವಿಗೂ ಇದು ಸಿಕ್ಕಿತು. ಆದರೆ ಹಣ ಕಡಿತವಾಗುವುದು ಮೇ ಕೊನೆಯಲ್ಲಿ. ಆ ಹೊತ್ತಿಗೆ ಖಾತೆ ಖಾಲಿ ಇದ್ದರೆ ವಿಮೆ ನವೀಕರಣ ಆಗುವುದಿಲ್ಲ. ನಮ್ಮಂಥವರ ಖಾತೆ ಖಾಲಿ ಇರುವುದೂ ಮೇ ತಿಂಗಳಲ್ಲೇ. 500 ರೂಪಾಯಿ ಮುಟ್ಟದೆ ಬಿಡಿ.

ಕೊರೋನಾ ಸಾವಿಗೆ 50,000 ರೂ. ಪರಿಹಾರ, ಬಿಪಿಎಲ್ ಮನೆಯ ದುಡಿಯುವವರು ಸತ್ತಿದ್ದರೆ ರಾಜ್ಯದಿಂದ 1 ಲಕ್ಷ ಅಂತ 2021ರಲ್ಲಿ ಆದೇಶವಾಯಿತು. ಇದಕ್ಕೆ ಮರಣ ಪತ್ರ, ರೋಗ ಪರೀಕ್ಷೆಯ ಕಾಗದ ಬೇಕಾಗುತ್ತಿತ್ತು. ಆಸ್ಪತ್ರೆ ಕಾಗದ ಒಂದು ಚೀಲದಲ್ಲಿ ಇಟ್ಟವರಿಗೆ ಸುಲಭವಾಯಿತು, ಇಡದವರು ಅಲೆದರು.

ಇನ್ನೊಂದು ಪೌತಿ ಖಾತೆ. ಸತ್ತವರ ಹೆಸರಿನಲ್ಲೇ ಪಹಣಿ ಉಳಿದರೆ ಸೊಸೈಟಿ ಸಾಲ, ಪಿಎಂ ಕಿಸಾನ್, ಬೆಂಬಲ ಬೆಲೆಗೆ ರಾಗಿ ಕೊಡಲು ಬೇಕಾದ ಫ್ರೂಟ್ಸ್ ನೋಂದಣಿ ಎಲ್ಲಕ್ಕೂ ತಡೆ. ತಿಥಿ ಮುಗಿದ ತಿಂಗಳಲ್ಲೇ ಅರ್ಜಿ ಕೊಡಿ.

ರೋಗ ಹೋದ ಮೇಲೆ ತೀರಿಸುವ ಕ್ರಮ

ತರುವಾಗ ಕಡಿಮೆ ಬಡ್ಡಿಯದು ಮೊದಲು. ತೀರಿಸುವಾಗ ತಿರುವುಮುರುವು: ಹೆಚ್ಚು ಬಡ್ಡಿಯದು ಮೊದಲು. ಹೇಳುವುದು ಸುಲಭ, ಮನಸ್ಸು ಒಪ್ಪುವುದಿಲ್ಲ.

ಒಂದು ಮನೆಯ ಉದಾಹರಣೆ ತಗೊಳ್ಳಿ. ಕೈಸಾಲ 20,000, ಮೂರು ರೂಪಾಯಿ ಬಡ್ಡಿ. ಒಡವೆ ಸಾಲ 30,000, ಒಂದು ರೂಪಾಯಿ ಬಡ್ಡಿ. ಸೊಸೈಟಿ ಸಾಲ 50,000. 2020-21ರಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 3,295. ಒಂಬತ್ತು ಕ್ವಿಂಟಾಲ್ ಕೊಟ್ಟರೆ 29,655. ಬಹಳ ಜನ ಮೊದಲು ಒಡವೆ ಬಿಡಿಸುತ್ತಾರೆ. ಹೆಂಡತಿಯ ಕೊರಳು ಬರಿದಾಗಿರುವುದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಕೈಸಾಲ ಯಾರಿಗೂ ಕಾಣುವುದಿಲ್ಲ. ಆದರೆ ಲೆಕ್ಕ ನೋಡಿ. ಒಡವೆ ಬಿಡಿಸಿದರೆ ತಿಂಗಳಿಗೆ ಉಳಿಯುವುದು 300 ರೂ. ಕೈಸಾಲ ತೀರಿಸಿದರೆ 600 ರೂ. ಉಳಿಯುತ್ತದೆ, ಕೈಯಲ್ಲಿ ಇನ್ನೂ 9,655 ಇರುತ್ತದೆ. ಅದರಲ್ಲಿ ಒಡವೆಯ ಒಂದು ವರ್ಷದ ಬಡ್ಡಿ 3,600 ಕಟ್ಟಿದರೂ 6,055 ಮುಂದಿನ ಬಿತ್ತನೆಗೆ ಉಳಿಯಿತು.

ಎರಡು ಕಡೆ ಮಾತ್ರ ಈ ಕ್ರಮ ಬದಲಾಗಬೇಕು. ಒಡವೆಗೆ ಹರಾಜಿನ ನೋಟೀಸು ಬಂದಿದ್ದರೆ ಅದು ಮೊದಲು. ಸೊಸೈಟಿ ಗಡುವು ಹತ್ತಿರ ಬಂದಿದ್ದರೆ ಅದನ್ನು ಕಟ್ಟಿ ನವೀಕರಣ ಮಾಡಿಸಿ, ಯಾಕೆಂದರೆ ಸೊನ್ನೆ ಬಡ್ಡಿಯ ದುಡ್ಡು ಬೇರೆ ಎಲ್ಲೂ ಸಿಗುವುದಿಲ್ಲ.

ತೀರಿಸುವ ಜೊತೆಗೇ ಕೂಡಿಡುವುದೂ ಶುರುವಾಗಬೇಕು. ಸಾಲವೆಲ್ಲ ತೀರಿದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ನಮಗೆ ಒಂದರ ಹಿಂದೆ ಒಂದು ಬಂತು. 2021ರ ನವೆಂಬರ್ ಮಳೆಗೆ ಕುಯ್ದ ರಾಗಿ ಹೊಲದಲ್ಲೇ ನೆನೆಯಿತು. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಸ್ವಲ್ಪವಾದರೂ ಕೂಡಿಟ್ಟವರು ಆಗ ಮತ್ತೆ ಕೈಸಾಲಕ್ಕೆ ಹೋಗಲಿಲ್ಲ.

ಕೂಡಿಡಲು ದೊಡ್ಡ ಸಂಬಳ ಬೇಕಿಲ್ಲ. ವರ್ಷದ ರಾಗಿಯ ಜೊತೆ ಇನ್ನೂ ಅರ್ಧ ವರ್ಷದ ರಾಗಿ ಹೆಚ್ಚಿಗೆ ಇಡಿ. ಡೇರಿ ಬಟವಾಡೆಯಲ್ಲಿ ಹತ್ತಕ್ಕೆ ಒಂದು ರೂಪಾಯಿ ಬೇರೆ ಖಾತೆಗೆ ಹಾಕಿ. ಮೂರು ತಿಂಗಳ ಅಂಗಡಿ ಖರ್ಚಿನಷ್ಟು ಸೇರುವವರೆಗೆ ಮುಟ್ಟಬೇಡಿ. ಊರ ಚೀಟಿಯಲ್ಲೇ ಎಲ್ಲ ಹಾಕಬೇಡಿ. ಲಾಕ್‌ಡೌನ್‌ನಲ್ಲಿ ಕಟ್ಟುವವರಿಗೇ ದುಡಿಮೆ ನಿಂತಾಗ ಚೀಟಿಗಳೂ ನಿಂತವು. ಸಹಕಾರ ಸಂಘದ ಸದಸ್ಯರು ಯಶಸ್ವಿನಿಗೆ ಹೆಸರು ಹಚ್ಚಿಸಿ. 2018ರಲ್ಲಿ ನಿಂತಿದ್ದ ಇದು 2022ರ ಕೊನೆಗೆ ಮತ್ತೆ ಶುರುವಾಯಿತು. ನೋಂದಣಿಗೆ ಪ್ರತಿ ಸಲ ಗಡುವು ಇರುತ್ತದೆ, ಸೊಸೈಟಿಯಲ್ಲಿ ವಿಚಾರಿಸಿ.

ಈ ತಿಂಗಳೇ ಮಾಡಬಹುದಾದದ್ದು

ಮನೆಯ ಎಲ್ಲ ಸಾಲ ಒಂದು ಹಾಳೆಯಲ್ಲಿ ಬರೆಯಿರಿ, ಬಡ್ಡಿಯನ್ನು ವರ್ಷಕ್ಕೆ ತಿರುಗಿಸಿ ಬರೆಯಿರಿ. ಎಲ್ಲ ಖಾತೆಗೂ ನಾಮಿನಿ ಹೆಸರು ಇದೆಯೇ ನೋಡಿ. ಪಾಸ್‌ಬುಕ್, ವಿಮೆ ಕಾಗದ, ಗಿರವಿ ಚೀಟಿ, ಪಹಣಿ ಎಲ್ಲಿವೆ ಅಂತ ಹೆಂಡತಿ ಮಕ್ಕಳಿಗೆ ತೋರಿಸಿಡಿ. ಪಹಣಿ ಇನ್ನೂ ಅಪ್ಪ, ತಾತನ ಹೆಸರಿನಲ್ಲಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಪೌತಿ ಖಾತೆಗೆ ಅರ್ಜಿ ಕೊಡಿ. ಈ ಯಾವ ಕೆಲಸಕ್ಕೂ ದೊಡ್ಡ ದುಡ್ಡು ಬೇಕಿಲ್ಲ, ಒಂದೆರಡು ದಿನದ ಓಡಾಟ ಬೇಕು ಅಷ್ಟೆ. ಕಷ್ಟ ಬಂದ ಮೇಲೆ ಇದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.